ಹೊಂದಿದರೆ ಪತ್ರ ಬರುತ್ತದೆ

ದಿಗ್ಗೇವಾಡಿ, ತಾ. ರಾಯಬಾಗ
೧೪ ಜೂನ್ ೨೦೧೧

ಡಾಕ್ಟರ್ ನೇಮಿನಾಥ ಮಗದುಮ್ಮ ಅವರಿಗೆ,

ಪತ್ರದ ತಲೆಗೆ ನಮಸ್ಕಾರ ಬರೆಯುವುದು ರೂಢಿ. ಬರೆಯಲು ಕೈ ಏಳಲಿಲ್ಲ.

ನಿಮಗೆ ನನ್ನ ಗುರುತು ಇರಲಿಕ್ಕಿಲ್ಲ. ನಾನು ಅನುಸೂಯಾ ಪೂಜಾರಿ, ಈ ಊರಿನ ಅಂಗನವಾಡಿ ಕಾರ್ಯಕರ್ತೆ. ನನ್ನ ಗಂಡ ಹಾಲಸಿದ್ದ ಕುರಿ ಸಾಕಿದ್ದಾರೆ. ಮಗ ಬೀರದೇವನಿಗೆ ಈಗ ಎಂಟು ವರ್ಷ. ಅವನಿಗೆ ಥಲಸೇಮಿಯಾ. ಅವನ ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳುವುದಿಲ್ಲ. ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಇಪ್ಪತ್ತೊಂದು ದಿನಕ್ಕೊಮ್ಮೆ ಚಿಂಚಲಿ ಸ್ಟೇಶನ್ನಿನಲ್ಲಿ ರೈಲು ಹಿಡಿದು ಮಿರಜಿಗೆ ಹೋಗಿ, ಬೇರೆಯವರ ರಕ್ತ ಏರಿಸಿಕೊಂಡು ಬರುತ್ತೇವೆ.

೨೦೦೬ರ ನವೆಂಬರಿನಲ್ಲಿ ನೀವು ಚಿಕ್ಕೋಡಿಯ ಒಂದು ಶಾಲೆಯಲ್ಲಿ ಶಿಬಿರ ಇಟ್ಟಿದ್ದಿರಿ. ಆಗ ನೀವಿನ್ನೂ ಓದುತ್ತಿದ್ದಿರಿ. ಇಂಥ ಮಕ್ಕಳ ಬಗ್ಗೆ ಸಂಶೋಧನೆ ನಡೆದಿದೆ ಎಂದಿರಿ. ಒಡಹುಟ್ಟಿದವರ ರಕ್ತದ ಗುರುತು ಪೂರ್ತಿ ಹೊಂದಿದರೆ, ಅವರ ಎಲುಬಿನೊಳಗಿನ ಮಜ್ಜೆಯನ್ನು ಹಾಕಿ ಈ ರೋಗವನ್ನು ಬುಡದಿಂದ ಕೀಳಬಹುದು ಎಂದಿರಿ. ನಮ್ಮ ನಾಲ್ವರ ರಕ್ತವನ್ನೂ ತೆಗೆದುಕೊಂಡಿರಿ. ಮಗಳು ತಾರಾಳಿಗೆ ಆಗ ಏಳು ವರ್ಷ. ಸೂಜಿಗೆ ಹೆದರಿ ಬೆಂಚಿನ ಕೆಳಗೆ ಹೊಕ್ಕಿದ್ದಳು. ನೀವೇ ಬಗ್ಗಿ, "ಬಾರವಾ ಹೊರಗ, ನಿನ್ನ ತಮ್ಮಗ ಆರಾಮ ಮಾಡೂದೈತಿ" ಎಂದು ಪುಸಲಾಯಿಸಿ ಕರೆದಿರಿ.

ಹೊರಡುವಾಗ ನಾನು ಕೇಳಿದೆ, "ನಮಗ ಗೊತ್ತಾಗೂದ ಹ್ಯಾಂಗ್ರಿ?" ನೀವು ಅಂದಿರಿ: "ನಾನೂ ಕಾಗವಾಡದಾಂವನ ಅದೇನಿ ಅಕ್ಕಾರ. ಹೊಂದಿತಂದ್ರ ಪತ್ರ ಬರತೈತಿ." ನಾನು ನನ್ನ ವಿಳಾಸ ಬರೆದ ಇನ್‌ಲ್ಯಾಂಡ್ ಕಾಗದವನ್ನೇ ನಿಮ್ಮ ಕೈಗೆ ಕೊಟ್ಟೆ.

ಪತ್ರ ಬರಲಿಲ್ಲ. ಒಂದು ವರ್ಷ ಪೋಸ್ಟಿನವನ ದಾರಿ ಕಾಯ್ದೆ. ಹೊಂದಿದರೆ ಪತ್ರ, ಪತ್ರ ಇಲ್ಲವೆಂದರೆ ಹೊಂದಿಲ್ಲ ಎಂದು ತಿಳಿದು ಸುಮ್ಮನಾದೆ. ಮಿರಜಿನ ಡಾಕ್ಟರು ಕೇಳಿದಾಗಲೂ "ನೋಡ್ಯಾರ್ರಿ, ಹೊಂದಿಲ್ಲ" ಎಂದೆ.

ಹೋದ ತಿಂಗಳು ಬೆಂಗಳೂರಿನ ಬೇರೊಂದು ಆಸ್ಪತ್ರೆಯವರು ಅಥಣಿಯಲ್ಲಿ ಶಿಬಿರ ಮಾಡಿದರು. ಮತ್ತೆ ರಕ್ತ ಕೊಟ್ಟೆವು. ಹದಿನೆಂಟನೆಯ ದಿನ ಫೋನು ಬಂತು. ತಾರಾ ಪೂರ್ತಿ ಹೊಂದುತ್ತಾಳೆ. "ಮೊದಲು ನೋಡಿದಾಗ ಹೊಂದಿರಲಿಲ್ಲವಲ್ಲ" ಎಂದೆ. ಫೋನು ಮಾಡಿದ ಡಾಕ್ಟರಮ್ಮ, "ಈ ಗುರುತು ಹುಟ್ಟಿನಿಂದ ಬರುವುದು, ಬದಲಾಗುವುದಿಲ್ಲ" ಎಂದರು.

ಈಗ ಬೀರದೇವನ ಲಿವರ್ ದೊಡ್ಡದಾಗಿದೆ. ಇಷ್ಟು ವರ್ಷ ಏರಿಸಿದ ರಕ್ತದ ಕಬ್ಬಿಣವೆಲ್ಲ ಅದರಲ್ಲಿ ಕೂತಿದೆ. ಮೂರು ನಾಲ್ಕು ವರ್ಷದವನಿದ್ದಾಗ ಮಾಡಿದ್ದರೆ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಗುಣವಾಗುತ್ತಿತ್ತಂತೆ. ಈಗ ಇವನಂಥ ಹತ್ತು ಮಕ್ಕಳಲ್ಲಿ ಆರು ಎನ್ನುತ್ತಾರೆ.

ಆ ಮೂರು ಮಕ್ಕಳನ್ನು ನೀವು ಏನು ಮಾಡಿದಿರಿ ಎಂದು ಕೇಳಲು ಬರೆದಿದ್ದೇನೆ. ಫೋನಿನಲ್ಲಿ ಕೇಳಿದರೆ ಇಟ್ಟುಬಿಡಬಹುದು. ಇದು ರಿಜಿಸ್ಟರ್ಡ್ ಪತ್ರ. ಸಹಿ ಮಾಡಿಯೇ ತೆಗೆದುಕೊಳ್ಳಬೇಕು.

ಬೀರದೇವನ ತಾಯಿ,
ಅನುಸೂಯಾ


ಬೆಂಗಳೂರು
೧೧ ಜುಲೈ ೨೦೧೧

ಶ್ರೀಮತಿ ಅನುಸೂಯಾ ಪೂಜಾರಿ ಅವರಿಗೆ,

ನಿಮ್ಮ ಪತ್ರ ತಲುಪಿದೆ. ನಿಮ್ಮ ಮಗನ ಆರೋಗ್ಯದ ವಿಷಯ ತಿಳಿದು ವಿಷಾದವಾಯಿತು.

ನೀವು ಹೇಳಿದ ಶಿಬಿರವು ಒಂದು ಅಧ್ಯಯನದ ಭಾಗವಾಗಿತ್ತು. ಬೆಳಗಾವಿ ಜಿಲ್ಲೆಯ ಇಂಥ ಕುಟುಂಬಗಳಲ್ಲಿ ಎಷ್ಟು ಮಕ್ಕಳಿಗೆ ಒಡಹುಟ್ಟಿದವರ ಮಜ್ಜೆ ಹೊಂದಬಹುದು ಎಂಬ ಪ್ರಮಾಣವನ್ನು ತಿಳಿಯುವುದು ಅದರ ಉದ್ದೇಶ. ಒಬ್ಬೊಬ್ಬರ ಫಲಿತಾಂಶವನ್ನು ಕುಟುಂಬಕ್ಕೆ ತಿಳಿಸುವ ವ್ಯವಸ್ಥೆ ಅಧ್ಯಯನದಲ್ಲಿ ಇರಲಿಲ್ಲ. ನೀವು ಸಹಿ ಮಾಡಿದ ಒಪ್ಪಿಗೆ ಪತ್ರದ ಆರನೆಯ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಶಿಬಿರದ ಗದ್ದಲದಲ್ಲಿ ನಾನು ಬೇರೆ ಏನಾದರೂ ಹೇಳಿದ್ದರೆ ಅದು ನನ್ನ ನೆನಪಿನಲ್ಲಿ ಇಲ್ಲ.

ಮುಂದಿನ ಚಿಕಿತ್ಸೆಗೆ ಶುಭ ಹಾರೈಸುತ್ತೇನೆ.

ತಮ್ಮ ವಿಶ್ವಾಸಿ,
ಡಾ. ನೇಮಿನಾಥ ಮಗದುಮ್ಮ
ಸಹ ಪ್ರಾಧ್ಯಾಪಕ


ದಿಗ್ಗೇವಾಡಿ
೧೯ ಜುಲೈ ೨೦೧೧

ಡಾಕ್ಟರ್ ಸಾಹೇಬರೇ,

ಆರನೆಯ ಕಲಮು ಇಂಗ್ಲಿಷಿನಲ್ಲಿತ್ತು. ನನ್ನ ಪಕ್ಕದಲ್ಲಿ ನಿಂತ ಹೆಂಗಸು ಅದರ ಕೆಳಗೆ ಹೆಬ್ಬಟ್ಟು ಒತ್ತಿದಳು. ನೀವೇ ಅವಳ ಬೆರಳು ಹಿಡಿದು ಒತ್ತಿಸಿದಿರಿ. ಬಾಯಿಂದ ಹೇಳಿದ್ದು ಕನ್ನಡದಲ್ಲಿ. ನಾವು ನಂಬಿದ್ದು ಬಾಯಿಯನ್ನು.

ನೆನಪಿಲ್ಲ ಎಂದಿರಿ. ನನ್ನ ನೆನಪಿನಲ್ಲಿರುವುದನ್ನು ಹೇಳುತ್ತೇನೆ, ಕೇಳಿರಿ.

೨೦೦೮ರಲ್ಲಿ ನಾನು ಮತ್ತೆ ಬಸುರಾದೆ. ಇನ್ನೊಂದು ಕೂಸಿನ ಆಸೆಯಿಂದಲ್ಲ. ತಾರಾ ಹೊಂದಲಿಲ್ಲವಲ್ಲ, ಹುಟ್ಟುವ ಕೂಸಾದರೂ ಹೊಂದೀತು ಎಂದು. ಹನ್ನೊಂದನೆಯ ವಾರ ಪುಣೆಗೆ ಹೋಗಿ ಪರೀಕ್ಷೆ ಮಾಡಿಸಿದೆ. ಹೊಟ್ಟೆಯೊಳಗಿನ ಕೂಸಿಗೂ ಇದೇ ರೋಗ. ತೆಗೆಸಿದೆ. ನನ್ನ ಗಂಡ ಆಗ ಕುರಿ ಹೊಡೆದುಕೊಂಡು ಘಟ್ಟದ ಕಡೆ ಹೋಗಿದ್ದರು. ನನ್ನ ಅತ್ತೆ ಚನ್ನವ್ವ ಬಾಗಿಲಲ್ಲೇ ಕೂತು, "ನಿನ್ನ ಹೊಟ್ಟೀನ ಚಲೋ ಇಲ್ಲ ಬಿಡ" ಎಂದರು. ರೋಗ ತಾಯಿತಂದೆ ಇಬ್ಬರ ಕಡೆಯಿಂದಲೂ ಬರುತ್ತದೆ ಎಂದು ಊರ ಹೆಂಗಸರಿಗೆಲ್ಲ ಪಾಠ ಹೇಳುವವಳು ನಾನು. ಅವತ್ತು ಅವರನ್ನು ದಾಟಿ ಒಳಗೆ ಹೋದೆ.

ಆ ಹೊತ್ತಿನಲ್ಲಿ ತಾರಾ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಹೊಂದುವ ಮಜ್ಜೆ ನನ್ನ ಅಂಗಳದಲ್ಲೇ ಕುಣಿಯುತ್ತಿತ್ತು. ಆ ವಿಷಯ ನಿಮ್ಮ ಕಪಾಟಿನಲ್ಲಿತ್ತು.

ನಿಮ್ಮ ಶುಭ ಹಾರೈಕೆ ನನಗೆ ಬೇಡ. ಒಂದೇ ಮಾತು ಕೇಳುತ್ತೇನೆ. ನಿಮಗೆ ಗೊತ್ತಿತ್ತೋ ಇಲ್ಲವೋ? ಹೌದು ಅಥವಾ ಇಲ್ಲ ಎಂದು ಬರೆಯಿರಿ. ಕಲಮು ಬರೆಯಬೇಡಿ.

ಅನುಸೂಯಾ


ಬೆಂಗಳೂರು
೨೮ ಆಗಸ್ಟ್ ೨೦೧೧

ಅನುಸೂಯಾ ಅಕ್ಕಾರಿಗೆ,

ಹೌದು.

ಈ ಒಂದು ಪದ ಬರೆಯಲು ಐದು ವಾರ ಹಿಡಿಯಿತು. ನಡುವೆ ಹಳೆಯ ಕಾಲೇಜಿಗೆ ಹೋಗಿ ದಾಸ್ತಾನು ಕೋಣೆಯಲ್ಲಿ ರಿಜಿಸ್ಟರ್ ಹುಡುಕಿದೆ. ಸಿಕ್ಕಿತು. ಇಪ್ಪತ್ಮೂರನೆಯ ಕುಟುಂಬ ನಿಮ್ಮದು. ತಾರಾಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ನಾನೇ ಗುರುತು ಹಾಕಿದ್ದೇನೆ. ೨೦೦೭ರ ಜನವರಿ. ನಿಮ್ಮ ಇನ್‌ಲ್ಯಾಂಡ್ ಕಾಗದ ಅದೇ ಪುಟದಲ್ಲಿತ್ತು.

ಅವತ್ತು ನಾನು ಮಾರ್ಗದರ್ಶಕರನ್ನು ಕೇಳಿದೆ, ಹೊಂದಿದವರಿಗೆ ತಿಳಿಸೋಣವೇ ಎಂದು. "ತಿಳಿಸಿದರೆ ಚಿಕಿತ್ಸೆಗೂ ನಮ್ಮನ್ನೇ ಕೇಳುತ್ತಾರೆ. ನೀನು ಮೊದಲು ಪ್ರಬಂಧ ಮುಗಿಸು" ಎಂದರು. ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಕಾಗದ ನನ್ನ ಬಳಿ ಇತ್ತು, ವಿಳಾಸವೂ ಬರೆದಿತ್ತು. ನಾನು ಅಂದುಕೊಂಡೆ: ಕುರಿ ಕಾಯುವ ಮನೆ. ಇಂಥ ದೊಡ್ಡ ಚಿಕಿತ್ಸೆ ಇವರಿಂದ ಆದೀತೇ? ಆಸೆ ಹುಟ್ಟಿಸಿ ಕಸಿದುಕೊಳ್ಳುವುದಕ್ಕಿಂತ ಗೊತ್ತಿಲ್ಲದಿರುವುದೇ ಒಳ್ಳೆಯದಲ್ಲವೇ? ಹಾಗೆಂದುಕೊಂಡು ರಿಜಿಸ್ಟರ್ ಮುಚ್ಚಿದೆ. ಆಗ ಅದನ್ನು ದಯೆ ಎಂದೇ ತಿಳಿದಿದ್ದೆ.

ಆ ಪ್ರಬಂಧಕ್ಕೆ ಬಹುಮಾನ ಬಂತು. ಮೂವತ್ತೆಂಟು ಕುಟುಂಬಗಳಲ್ಲಿ ಒಂಬತ್ತಕ್ಕೆ ಪೂರ್ತಿ ಹೊಂದಾಣಿಕೆ ಎಂದು ಅದರಲ್ಲಿ ಒಂದು ಸಾಲಿದೆ. ಆ ಒಂಬತ್ತರಲ್ಲಿ ಯಾರಿಗೂ ನಾನು ತಿಳಿಸಲಿಲ್ಲ.

ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನೇಮಿನಾಥ


ದಿಗ್ಗೇವಾಡಿ
೩ ಸೆಪ್ಟೆಂಬರ್ ೨೦೧೧

ಡಾಕ್ಟರೇ,

ಅಕ್ಕಾ ಎಂದು ಕರೆಯಬೇಡಿ. ಹಾಗೆ ಕರೆದೇ ಅಲ್ಲವೇ ಐದು ವರ್ಷ ನುಂಗಿದ್ದು.

ನಿಮ್ಮ ಪತ್ರವನ್ನು ನನ್ನ ಗಂಡನಿಗೆ ಓದಿ ಹೇಳಿದೆ. ಅವರು ಹೆಚ್ಚು ಮಾತಾಡುವವರಲ್ಲ. "ನಮ್ಮಿಂದ ಆಗಾಂಗಿಲ್ಲಂತ ಅಂವಗ ಯಾರ್ ಹೇಳಿದ್ರು?" ಎಂದರು. "ಯಾರೂ ಹೇಳಿಲ್ಲ, ಅವರೇ ತಿಳ್ಕೊಂಡ್ರು" ಎಂದೆ. ಎದ್ದು ಹೋಗಿ ಹಿತ್ತಲಿನಲ್ಲಿ ನಿಂತರು. ಕೊಡಲಿ ತೆಗೆದುಕೊಂಡು ಜಾಲಿಯ ಬೊಡ್ಡೆಯನ್ನು ಕಡಿಯುತ್ತಲೇ ಇದ್ದರು. ಬೊಡ್ಡೆ ಪುಡಿಯಾದರೂ ನಿಲ್ಲಿಸಲಿಲ್ಲ.

ನೀವು ರಿಜಿಸ್ಟರ್ ಮುಚ್ಚಿದ ಮೇಲೆ ನಾವು ಎಂಬತ್ತು ಸಲಕ್ಕೂ ಹೆಚ್ಚು ಮಿರಜಿಗೆ ಹೋಗಿದ್ದೇವೆ. ಕೃಷ್ಣೆಗೆ ನೆರೆ ಬಂದಾಗ ಹೋಗಿದ್ದೇವೆ. ರೈಲು ಇಲ್ಲದ ದಿನ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಕೂತು ಹೋಗಿದ್ದೇವೆ. ಒಂದು ಸಲವೂ ತಪ್ಪಿಸಿಲ್ಲ. ಎಂಬತ್ತು ಸಲ ಹೋದವರಿಗೆ ಬೆಂಗಳೂರಿಗೆ ಒಂದು ಸಲ ಹೋಗುವುದು ಆಗುತ್ತಿರಲಿಲ್ಲವೇ? ಆಗುತ್ತಿತ್ತೋ ಇಲ್ಲವೋ, ನಾವು ಸೋಲಬೇಕಾಗಿತ್ತು, ಅಳಬೇಕಾಗಿತ್ತು, ಊರೂರು ತಿರುಗಿ ಕೈಚಾಚಬೇಕಾಗಿತ್ತು. ಅದು ನಮ್ಮ ಪಾಲಿನ ಕೆಲಸ. ನಿಮ್ಮ ಕುರ್ಚಿಯಲ್ಲಿ ಕೂತು ನೀವೇ ನಮ್ಮ ಪರವಾಗಿ ಸೋತುಬಿಟ್ಟಿರಿ. ಇದಕ್ಕೆ ದಯೆ ಎಂದು ಹೆಸರಿಡುತ್ತೀರಾ?

ಕ್ಷಮೆ ಇಲ್ಲ. ಕೆಲಸ ಇದೆ.

ಒಂಬತ್ತರಲ್ಲಿ ನಾವು ಒಬ್ಬರು. ಉಳಿದ ಎಂಟು ಮನೆಗೆ ನೀವೇ ಹೋಗಬೇಕು. ಫೋನಲ್ಲ, ಪತ್ರವಲ್ಲ. ಅವರ ಮನೆಯ ನೆಲದ ಮೇಲೆ ಕೂತು ನಿಮ್ಮ ಬಾಯಿಂದಲೇ ಹೇಳಬೇಕು. ಹೊಂದುತ್ತಿತ್ತು, ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಈ ಮೂರು ಮಾತು. ಊರ ಹೆಸರು ಬರೆದು ಕಳಿಸಿದರೆ ಮನೆ ಹುಡುಕಿ ಕೊಡುವ ಕೆಲಸ ನನ್ನದು. ಪ್ರತಿ ಊರಿನಲ್ಲೂ ಅಂಗನವಾಡಿಯವರು ನನಗೆ ಗೊತ್ತು. ನೀವು ಹೋಗದಿದ್ದರೆ ನಿಮ್ಮ ಆಗಸ್ಟಿನ ಪತ್ರ ಹಿಡಿದು ನಾನು ಹೋಗುತ್ತೇನೆ. ಆಮೇಲೆ ಆ ಎಂಟು ಮನೆಯವರೂ ಸೇರಿ ನಿಮ್ಮ ಕಾಲೇಜಿಗೆ ಬರುತ್ತೇವೆ.

ಅನುಸೂಯಾ


ಕಾಗವಾಡ
೩೦ ಅಕ್ಟೋಬರ್ ೨೦೧೧

ಅನುಸೂಯಾ ಅವರಿಗೆ,

ನೀವು ಕಳಿಸಿದ ಗುರುತಿನ ಮೇಲೆ ಎಂಟೂ ಮನೆ ಹುಡುಕಿದೆ. ನಿಪ್ಪಾಣಿಯ ಒಂದು ಮನೆಯವರು ಇಚಲಕರಂಜಿಗೆ ಹೋಗಿದ್ದರು, ಅಲ್ಲಿಗೂ ಹೋದೆ. ಮೂರು ಮಕ್ಕಳು ಈಗ ಇಲ್ಲ.

ಮುಗಳಖೋಡದ ಭೀಮಸಿಯ ಮಗಳು ಸುರೇಖಾ ತೀರಿಕೊಂಡು ಎರಡು ವರ್ಷವಾಗಿದೆ. ಅವರ ಪಡಸಾಲೆಯಲ್ಲಿ ಕೂತು ಮೂರು ಮಾತು ಹೇಳಿದೆ. ಭೀಮಸಿ ಕೇಳಿದರು, "ಯಾರದ ಹೊಂದತಿತ್ತ್ರಿ?" ದೊಡ್ಡ ಮಗನದು ಎಂದೆ. ಆ ಹುಡುಗ ಹೊರಗೆ ಎತ್ತಿಗೆ ನೀರು ಕುಡಿಸುತ್ತಿದ್ದ. ಭೀಮಸಿ ಅವನ ಕಡೆ ನೋಡಿ, ಬಾಗಿಲು ಮುಚ್ಚಿ ಬಂದರು.

"ಅಂವಗ ಹೇಳಬ್ಯಾಡ್ರಿ. ತಂಗೀನ ಹೆಗಲ ಮ್ಯಾಲಿಂದ ಇಳಸ್ತಿರಲಿಲ್ಲ ಅಂವ. ತನ್ನ ಮೈಯಾಗ ಇತ್ತಂತ ಗೊತ್ತಾದ್ರ ಜಲಮಾ ಪೂರ್ತಿ ಹೊತ್ಕೊಂಡ ತಿರಗತಾನ. ಇದ ನನ್ನ ಹಂತ್ಯಾಕ ಇರ್ಲಿ."

ಅವರ ಹೆಂಡತಿ ಚಹಾ ತಂದರು. ಭೀಮಸಿ ಕಪ್ಪನ್ನು ಅವರ ಕೈಯಿಂದ ತೆಗೆದುಕೊಂಡು ಅಂಗಳಕ್ಕೆ ಚೆಲ್ಲಿದರು. "ಈಗ ಎದ್ದ ಹೋಗ್ರಿ" ಎಂದರು.

ಯಡೂರಿನ ಅಕ್ಕುತಾಯಿಯ ಮಗಳಿಗೆ ಈಗ ಆರು ವರ್ಷ. ಶಿಬಿರಕ್ಕೆ ಬಂದಾಗ ಒಂದು ವರ್ಷದ ಕೂಸು. ಲಿವರ್ ಇನ್ನೂ ಚೆನ್ನಾಗಿದೆ, ಅಣ್ಣನ ಮಜ್ಜೆ ಹೊಂದುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಅಕ್ಕುತಾಯಿ ನನ್ನ ಕಪಾಳಕ್ಕೆ ಹೊಡೆದರು. ಮನೆಯವರು ಹಿಡಿಯಲು ಬಂದರೆ ಅವರನ್ನೂ ದೂಡಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಯಾವತ್ತ ಕರಕೊಂಡ ಬರ್ಬೇಕ್ರಿ, ಅದನ್ನ ಹೇಳ್ರಿ" ಎಂದರು. ನೀವು ಹೋಗುವ ಆಸ್ಪತ್ರೆಯಲ್ಲೇ ಡಿಸೆಂಬರಿಗೆ ಗೊತ್ತುಮಾಡಿದ್ದೇನೆ.

ಉಳಿದ ಮನೆಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಈಗ ಆಗುವುದಿಲ್ಲ.

ನೇಮಿನಾಥ


ಬೆಂಗಳೂರು
೨೬ ಜನವರಿ ೨೦೧೨

ಡಾಕ್ಟರೇ,

ನಾವು ಇದೇ ಊರಿನಲ್ಲಿದ್ದೇವೆ. ಅದು ನಿಮಗೆ ಗೊತ್ತಿದೆ. "ಆ ಡಾಕ್ಟರ ದಿನಾ ಗೇಟಿನ ಹಂತ್ಯಾಕ ನಿಂದರತಾನ, ಒಳಗ ಬರಾಂಗಿಲ್ಲ" ಎಂದು ನನ್ನ ಗಂಡ ಹೇಳಿದರು. ಬರಬೇಡಿ. ನಿಮ್ಮನ್ನು ಕಂಡರೆ ಕೈ ಎತ್ತಿಬಿಡುತ್ತೇನೆ. ಈ ಕೈ ಈಗ ಮಗನಿಗೆ ಬೇಕು.

ಮೊನ್ನೆ ತಾರಾಳ ಸೊಂಟದ ಎಲುಬಿನಿಂದ ಮಜ್ಜೆ ತೆಗೆದರು. ಈ ಸಲ ಅವಳು ಎಲ್ಲೂ ಅಡಗಿಕೊಳ್ಳಲಿಲ್ಲ. ತಾನೇ ನಡೆದು ಹೋದಳು. ಎಚ್ಚರಾದ ಮೇಲೆ "ಸಾಕಾಗೈತೇನ ಕೇಳ, ಇಲ್ಲಂದ್ರ ಇನ್ನಷ್ಟ ತಗೀರಿ ಅನ್ನ" ಎಂದಳು. ಬೀರದೇವ ಗಾಜಿನ ಆಚೆ ಇದ್ದಾನೆ. ಬಾಯಿ ತುಂಬ ಹುಣ್ಣು, ತಲೆಯ ಮೇಲೆ ಒಂದು ಕೂದಲಿಲ್ಲ. ಚೀಲದಲ್ಲಿ ಬಂದ ಮಜ್ಜೆಯನ್ನು ನೋಡಿ, "ಇದೂ ರಗತದಂಗ ಐತೆಲ್ಲ, ಅಕ್ಕಂದ ಅಂತ ಹ್ಯಾಂಗ ಗೊತ್ತಾಗತೈತಿ ಅದಕ್ಕ?" ಎಂದು ಕೇಳಿದ. ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಅಕ್ಕುತಾಯಿಯ ಮಗಳು ಪಕ್ಕದ ಕೋಣೆಯಲ್ಲಿದ್ದಾಳೆ. ಅವಳ ಮೈ ಮಜ್ಜೆಯನ್ನು ಹಿಡಿದಿದೆಯಂತೆ. ಸಂತೋಷಪಟ್ಟೆ. ಸಂತೋಷಪಡುತ್ತಲೇ ಹೊಟ್ಟೆ ಉರಿಯಿತು. ಇದನ್ನೂ ನಿಮಗೇ ಬರೆಯುತ್ತಿದ್ದೇನೆ, ಯಾಕೆಂದರೆ ಈ ಉರಿ ಹಚ್ಚಿದವರು ನೀವು.

ಅನುಸೂಯಾ


ದಿಗ್ಗೇವಾಡಿ
೯ ಮೇ ೨೦೧೨

ಡಾಕ್ಟರೇ,

ಮಜ್ಜೆ ನಿಲ್ಲಲಿಲ್ಲ. ಎಂಬತ್ತನೆಯ ದಿನದ ಪರೀಕ್ಷೆಯಲ್ಲಿ ತಾರಾಳದು ಏನೂ ಉಳಿದಿರಲಿಲ್ಲ. ಅವನದೇ ಹಳೆಯ ಮಜ್ಜೆ ಮತ್ತೆ ಚಿಗುರಿದೆ. ಜೀವ ಉಳಿದಿದೆ, ರೋಗವೂ ಉಳಿದಿದೆ. ಮೊನ್ನೆ ಮತ್ತೆ ಮಿರಜಿಗೆ ಹೋಗಿಬಂದೆವು. ಅದೇ ಹಾಸಿಗೆ.

ಈ ಪತ್ರಕ್ಕೆ ಉತ್ತರ ಬರೆಯಬೇಡಿ.

ಅನುಸೂಯಾ


ದಿಗ್ಗೇವಾಡಿ
೨ ಜುಲೈ ೨೦೧೨

ಡಾಕ್ಟರ್ ನೇಮಿನಾಥ ಸರ್ ಅವರಿಗೆ,

ನಾನು ತಾರಾ, ಎಂಟನೆಯ ತರಗತಿ. ನಿಮ್ಮ ವಿಳಾಸ ಅವ್ವನ ಟ್ರಂಕಿನಲ್ಲಿ ಸಿಕ್ಕಿತು. ನಿಮ್ಮ ಪತ್ರಗಳನ್ನೂ ಅವ್ವ ಇಟ್ಟುಕೊಂಡ ತನ್ನ ಪತ್ರಗಳ ನಕಲನ್ನೂ ಓದಿದೆ. ಅವ್ವನಿಗೆ ಗೊತ್ತಿಲ್ಲ.

ನೀವಿಬ್ಬರೂ ನನ್ನ ಬಗ್ಗೆ ಇಷ್ಟು ಪತ್ರ ಬರೆದಿದ್ದೀರಿ. ಒಬ್ಬರೂ ನನ್ನನ್ನು ಏನೂ ಕೇಳಿಲ್ಲ, ನನಗೆ ಏನೂ ಹೇಳಿಲ್ಲ. ಅದಕ್ಕೇ ನಾನೇ ಕೇಳುತ್ತೇನೆ.

ಅಜ್ಜಿ ಮನೆಗೆ ಬಂದವರ ಮುಂದೆಲ್ಲ, "ಹುಡಗೀ ಎಲುವಿನ್ಯಾಗ ಕಸುವ ಇರಲಿಲ್ಲ, ಅದಕ್ಕ ಹುಡುಗಗ ಹತ್ತಲಿಲ್ಲ" ಎನ್ನುತ್ತಾಳೆ. ಅವ್ವ ಜಗಳ ಮಾಡುತ್ತಾಳೆ, ಆದರೆ ಆಮೇಲೆ ಅಳುತ್ತಾಳೆ. ಅಪ್ಪ ಸುಮ್ಮನೆ ಎದ್ದು ಹೋಗುತ್ತಾನೆ. ಮಿರಜಿಗೆ ಹೋಗುವ ದಿನ ನನಗೆ ತಮ್ಮ ಬೀರ್ಯಾನ ಮುಖ ನೋಡಲು ಆಗುವುದಿಲ್ಲ.

ನನ್ನ ಮಜ್ಜೆ ಕೆಟ್ಟದ್ದಿತ್ತೇ? ನಾನು ಊಟ ಸರಿಯಾಗಿ ಮಾಡದ್ದಕ್ಕೆ ಹೀಗಾಯಿತೇ? ನಾನು ಏಳು ವರ್ಷದವಳಿದ್ದಾಗ ತೆಗೆದಿದ್ದರೆ ನಿಲ್ಲುತ್ತಿತ್ತೇ? ಇನ್ನೊಮ್ಮೆ ಕೊಡಬಹುದೇ? ನಾನು ಕೊಡುತ್ತೇನೆ. ಆದರೆ ಸುಳ್ಳು ಹೇಳಿ ಸಮಾಧಾನ ಮಾಡಬೇಡಿ. ದೊಡ್ಡವರ ಸಮಾಧಾನ ನನಗೆ ಸಾಕಾಗಿದೆ.

ತಾರಾ ಹಾ. ಪೂಜಾರಿ


ಬೆಂಗಳೂರು
೫ ಜುಲೈ ೨೦೧೨

ತಾರಾ,

ನಿನ್ನ ಪತ್ರ ಇವತ್ತು ಮಧ್ಯಾಹ್ನ ಬಂತು. ಓದಿ ಮುಗಿಸಿದ ಕೂಡಲೇ ಉತ್ತರ ಬರೆಯುತ್ತಿದ್ದೇನೆ. ಸಂಜೆಯ ಟಪಾಲಿಗೆ ಹಾಕುತ್ತೇನೆ.

ನಿನ್ನ ಮಜ್ಜೆ ಕೆಟ್ಟದ್ದಿರಲಿಲ್ಲ. ನಿನ್ನ ಮಜ್ಜೆ ತೆಗೆದ ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನು ಮಾಡಿ, ನೀನು ಕೇಳಿದ್ದನ್ನೇ ಕೇಳಿ, ಖಾತ್ರಿ ಮಾಡಿಕೊಂಡು ಬರೆಯುತ್ತಿದ್ದೇನೆ. ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು, ಚೆನ್ನಾಗಿತ್ತು. ನೀನು ಉಂಡದ್ದಕ್ಕೂ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅದು ಯಾಕೆ ನಿಲ್ಲಲಿಲ್ಲ ಎಂದರೆ, ಬೇರೆಯವರ ರಕ್ತ ಮತ್ತೆ ಮತ್ತೆ ಏರಿದಂತೆ ಮೈ ಹೊರಗಿನದರ ಜೊತೆ ಕಾದಾಡುವುದನ್ನು ಕಲಿಯುತ್ತದೆ. ಬೀರದೇವನ ಮೈಗೆ ನೂರಕ್ಕೂ ಹೆಚ್ಚು ಸಲ ಏರಿಸಿದ್ದಾರೆ. ಅದು ನಿನ್ನ ಮಜ್ಜೆಯನ್ನೂ ಹೊರಗಿನದೆಂದೇ ತಿಳಿದು ಹೊರದೂಡಿತು. ಅವನಿಗೆ ನಾಲ್ಕು ತುಂಬುವ ಮೊದಲೇ ಹಾಕಿದ್ದರೆ? ನಿಲ್ಲುತ್ತಿತ್ತು ಎಂದು ಆಣೆ ಮಾಡಲು ಯಾರಿಂದಲೂ ಆಗದು. ಆದರೆ ಅಂಥ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ನಿಲ್ಲುತ್ತದೆ. ನಿನ್ನ ಪ್ರಶ್ನೆಗೆ ನನ್ನ ಉತ್ತರ, ಬಹಳ ಮಟ್ಟಿಗೆ ಹೌದು.

ಇನ್ನೊಮ್ಮೆ ಕೊಡುವ ದಾರಿ ಮುಚ್ಚಿಲ್ಲ. ಈಗಲ್ಲ. ಅವನು ಮಾತ್ರೆ ತಪ್ಪದೆ ತೆಗೆದುಕೊಂಡು ಲಿವರಿನ ಕಬ್ಬಿಣ ಇಳಿಸಿಕೊಳ್ಳಬೇಕು. ಎರಡು ವರ್ಷವಾದರೂ ಬೇಕು. ಎರಡನೆಯ ಸಲದ ಅಪಾಯ ಮೊದಲಿನದಕ್ಕಿಂತ ದೊಡ್ಡದು. ಬೇಕೋ ಬೇಡವೋ ಎಂದು ನಿರ್ಧಾರ ಮಾಡುವವರು ನೀನು, ಬೀರದೇವ, ನಿನ್ನ ಅವ್ವ, ಅಪ್ಪ. ನಾನಲ್ಲ. ನಿಮ್ಮ ಮನೆಯ ಪರವಾಗಿ ಒಮ್ಮೆ ನಾನು ನಿರ್ಧಾರ ಮಾಡಿ ಆಗಿದೆ.

ನಿನ್ನ ಅವ್ವನಿಗೆ ನನ್ನ ಮೇಲೆ ಇರುವ ಸಿಟ್ಟು ಸರಿಯಾದದ್ದು. ನಿನಗೂ ಬಂದರೆ ಅದನ್ನು ನುಂಗಬೇಡ, ನಿನ್ನ ಮೇಲೆ ತಿರುಗಿಸಿಕೊಳ್ಳಲೂ ಬೇಡ. ನನ್ನ ವಿಳಾಸ ನಿನ್ನ ಹತ್ತಿರ ಇದೆ.

ಈ ಪತ್ರವನ್ನು ಮೊದಲು ನಿನ್ನ ಅವ್ವನಿಗೆ ಕೊಡು. ಆಮೇಲೆ ಮನೆಗೆ ಯಾರಾದರೂ ಬಂದು ನಿನ್ನ ಅಜ್ಜಿ ಆ ಮಾತು ತೆಗೆದಾಗ, ನಡುವೆ ನಿಂತು ಇದನ್ನು ಓದು. ನನ್ನ ಹೆಸರು ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಓದು: ತಾರಾಳ ಮಜ್ಜೆ ಹುಟ್ಟಿನಿಂದಲೇ ಸರಿ ಇತ್ತು. ತಡಮಾಡಿದವನು ನಾನು.

ನೇಮಿನಾಥ ಮಗದುಮ್ಮ